ಬೆಳೆಯದ ಮೀನು

ಸೀವುಡ್ಸ್‌ನ ಆ ಎರಡು ಬೆಡ್‌ರೂಮಿನ ಮನೆಗೆ ಮೀನುಗಳು ಬಂದದ್ದು ಹಾರ್ಬರ್ ಲೈನಿನ ಲೋಕಲ್‌ನಲ್ಲಿ. ಮನೆಯ ಯಜಮಾನರು ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಆರು ಮರಿಗಳನ್ನು ಕೊಂಡು, ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಎದೆಗವಚಿಕೊಂಡು ದಾರಿಯುದ್ದಕ್ಕೂ ನಿಂತೇ ತಂದಿದ್ದರು. ಆರೂ ಒಂದೇ ಅಳತೆ. ಹಳದಿ ಮೈ, ಉದ್ದಕ್ಕೆ ಕಪ್ಪು ಪಟ್ಟೆ. ಹೆಸರು ಔರಾಟಸ್, ಮೂಲ ಆಫ್ರಿಕದ ಮಲಾವಿ ಸರೋವರ. ಹಾಲ್‌ನಲ್ಲಿ ಟಿವಿ ಪಕ್ಕ ಎರಡು ಅಡಿಯ ಗಾಜಿನ ತೊಟ್ಟಿ. ಹಿಡಿಸುವುದು 50 ಲೀಟರಿನಷ್ಟು ನೀರು.

ಅದೇ ತಿಂಗಳು ಕುಂದಾಪುರದ ಕಡೆಯಿಂದ ಯಜಮಾನರ ಅಣ್ಣನ ಮಗನೂ ಬಂದ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ, ಇಲ್ಲಿ ಜೂನಿಯರ್ ಕಾಲೇಜು ಸೇರಿದ್ದ. ಮನೆಯ ಮಗ ಅವನಿಗಿಂತ ಎರಡು ವರ್ಷ ದೊಡ್ಡವನು, ಹುಟ್ಟಿದ್ದು ಬೆಳೆದದ್ದೆಲ್ಲ ಇಲ್ಲೇ. ಇಬ್ಬರಿಗೂ ಒಂದೇ ಕೋಣೆ.

ಕೆಲವು ತಿಂಗಳಲ್ಲಿ ಒಂದು ಮೀನಿನ ಹಳದಿ ಮೈ ಕಪ್ಪಾಗತೊಡಗಿತು. ರೋಗವೆಂದು ಎಲ್ಲರೂ ಹೆದರಿದರು. ಅದು ರೋಗವಲ್ಲ. ಈ ಜಾತಿಯಲ್ಲಿ ಯಜಮಾನಿಕೆ ಹಿಡಿದ ಗಂಡು ಹೀಗೇ ಬಣ್ಣ ತಿರುಗಿಸುತ್ತದೆ. ಸೋತ ಗಂಡುಗಳು ಹೆಣ್ಣಿನ, ಮರಿಯ ಹಳದಿಯಲ್ಲೇ ಉಳಿದು ತಲೆ ಉಳಿಸಿಕೊಳ್ಳುತ್ತವೆ. ಕರಿಯ ತೊಟ್ಟಿಯ ನಡುವಿನ ಕಲ್ಲನ್ನು ತನ್ನದಾಗಿಸಿಕೊಂಡು, ಹತ್ತಿರ ಬಂದವರನ್ನೆಲ್ಲ ಅಟ್ಟುತ್ತಿತ್ತು. ಎಲ್ಲಕ್ಕಿಂತ ಸಣ್ಣದು ಫಿಲ್ಟರ್ ಕೊಳವೆಯ ಹಿಂದೆ ಸೇರಿಕೊಂಡಿತು. ಬಾಲದ ಅಂಚು ಹರಿದಿತ್ತು, ಗಾತ್ರ ಕರಿಯನ ಅರ್ಧವೂ ಇರಲಿಲ್ಲ. "ಅದು ಹುಟ್ಟಾ ಕುಳ್ಳ, ಅದರ ಜಾತಿಯೇ ಹಾಗೆ" ಎಂದರು ಯಜಮಾನರು.

ಒಂದೇ ತೊಟ್ಟಿಯ ಮೀನುಗಳು ಒಂದೇ ಸಮ ಬೆಳೆಯದಿರುವುದಕ್ಕೆ ಕಾರಣಗಳು ಹಲವು. ಆಹಾರದ ಹರಳು ಒಂದೇ ಮೂಲೆಗೆ ಬಿದ್ದರೆ ಬಲಿಷ್ಠವಾದದ್ದು ಮೊದಲು ತಿನ್ನುತ್ತದೆ, ಉಳಿದವನ್ನು ತಡೆಯುತ್ತದೆ. ತಿಂದ ಸ್ವಲ್ಪವೂ ಓಡುವುದಕ್ಕೇ ಖರ್ಚಾಗುತ್ತದೆ. ಸದಾ ಹೆದರಿಕೆಯಲ್ಲಿರುವ ಮೀನಿನ ರಕ್ತದಲ್ಲಿ ಕಾರ್ಟಿಸಾಲ್ ಏರಿದ್ದು ಇಳಿಯುವುದಿಲ್ಲ. ಅದು ಹಸಿವನ್ನೂ ಬೆಳವಣಿಗೆಯನ್ನೂ ಕುಗ್ಗಿಸುತ್ತದೆ. ಇದರ ಮೇಲೆ ಇಕ್ಕಟ್ಟಾದ ನೀರಲ್ಲಿ ತುಂಬಿಕೊಳ್ಳುವ ಕಸ ಬೇರೆ. "ಮೀನು ತೊಟ್ಟಿಯ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ" ಎಂಬ ಅಂಗಡಿಯವರ ಮಾತು ಕೇಳಲು ಹಿತ. ಆದರೆ ಅಲ್ಲಿ ಆಗುವುದು ಹೊಂದಾಣಿಕೆಯಲ್ಲ, ಕುಂಠಿತ.

ಕೆಲವು ಮೀನುಗಳು ಇನ್ನೂ ವಿಚಿತ್ರ. ಪಪುವಾ ನ್ಯೂಗಿನಿಯ ಕೋಡಂಗಿ ಮೀನುಗಳನ್ನು ಅಧ್ಯಯನ ಮಾಡಿದ ಪೀಟರ್ ಬಸ್ಟನ್ 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ: ಒಂದು ಗುಂಪಿನಲ್ಲಿ ಕೆಳಗಿನ ಸ್ಥಾನದ ಮೀನು ತನ್ನ ಮೇಲಿನದಕ್ಕಿಂತ ಸಣ್ಣದಾಗಿಯೇ ಇರುವಂತೆ ಬೆಳವಣಿಗೆಯನ್ನು ಹಿಡಿದಿಡುತ್ತದೆ. ಸಮಸಮ ಬೆಳೆದರೆ ಜಗಳ, ಜಗಳವಾದರೆ ಗಡೀಪಾರು. ಸಣ್ಣದಾಗಿರುವುದು ಅಲ್ಲಿ ಬದುಕುವ ಬಾಡಿಗೆ.

ದೀಪಾವಳಿಯ ಹೊತ್ತಿಗೆ ಮನೆಯ ಹುಡುಗನೂ ಮಾತು ಬಿಟ್ಟಿದ್ದ. ಅವನ ಹಿಂದಿಗೆ, ಇಂಗ್ಲಿಷಿಗೆ ದೊಡ್ಡವನು ನಗುತ್ತಿದ್ದ. ಗೆಳೆಯರೆದುರು ಅವನ ಕುಂದಾಪ್ರ ಕನ್ನಡವನ್ನು ಅಣಕಿಸುತ್ತಿದ್ದ. ಹೊಡೆತ, ಬೈಗುಳ ಏನೂ ಇಲ್ಲ, ಬರೀ ನಗು. ಹುಡುಗ ಎಲ್ಲರದಾದ ಮೇಲೆ ಉಣ್ಣುತ್ತಿದ್ದ, ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ. ರಾತ್ರಿ ತೊಟ್ಟಿಯ ಮುಂದೆ ಕೂರುತ್ತಿದ್ದ. "ಅವನ ಸ್ವಭಾವವೇ ಹಾಗೆ, ಮೌನಿ" ಎಂದು ಊರಿಗೆ ಫೋನಿನಲ್ಲಿ ಹೇಳಿದ್ದೂ ಆಗಿತ್ತು.

ಡಿಸೆಂಬರಿನಲ್ಲಿ ದೊಡ್ಡವನು ಗೆಳೆಯರ ಜೊತೆ ಹತ್ತು ದಿನ ಪ್ರವಾಸ ಹೋದ. ಮಾರನೆಯ ಸಂಜೆ ಅಡುಗೆಮನೆಯಲ್ಲಿದ್ದ ಚಿಕ್ಕಮ್ಮನಿಗೆ ಕೋಣೆಯಿಂದ ಗಟ್ಟಿ ದನಿ ಕೇಳಿಸಿತು. "ಅಮ್ಮಮ್ಮ, ಅಲ್ಲ್ ಚಳಿ ಇತ್ತಾ? ಇಲ್ಲ್ ಎಂತದೂ ಇಲ್ಲ ಕಾಣ್." ಆಮೇಲೆ ನಗು. ಆರು ತಿಂಗಳಲ್ಲಿ ಆಕೆ ಕೇಳದ ನಗು. ಆ ರಾತ್ರಿ ಅವನು ತಾನಾಗಿ ಕೇಳಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಸೆಲ್ ಫರ್ನಾಲ್ಡ್ ಮತ್ತು ಸಂಗಡಿಗರು ಆಫ್ರಿಕದ್ದೇ ಇನ್ನೊಂದು ಸಿಕ್ಲಿಡ್ ಮೀನಿನಲ್ಲಿ ಇದನ್ನು ಕಂಡಿದ್ದರು. ಕತ್ತಲಲ್ಲಿ ಯಜಮಾನ ಮೀನನ್ನು ತೆಗೆದು ದೀಪ ಹಾಕಿದರೆ, ಅದುವರೆಗೆ ಮಂಕಾಗಿದ್ದ ಗಂಡು ಕೆಲವೇ ನಿಮಿಷಗಳಲ್ಲಿ ಬಣ್ಣ ಏರಿಸಿಕೊಳ್ಳುತ್ತದೆ. ಮಿದುಳಿನಲ್ಲಿ ವಂಶವಾಹಿಗಳೇ ಚುರುಕಾಗುತ್ತವೆ. ಮಂಕು ಅದರ ಸ್ವಭಾವವಾಗಿರಲಿಲ್ಲ, ಅದಕ್ಕೆ ಸಿಕ್ಕಿದ ಜಾಗವಾಗಿತ್ತು.

ಹುಡುಗನೇ ಚಿಕ್ಕಮ್ಮನಿಗೆ ಉಪಾಯ ಹೇಳಿದ. ಕಲ್ಲುಗಳನ್ನೆಲ್ಲ ತೆಗೆದು ಬೇರೆ ರೀತಿ ಜೋಡಿಸಿದರೆ ಹಳೆಯ ಗಡಿಗಳು ಅಳಿಸಿಹೋಗುತ್ತವೆ, ಎಲ್ಲರೂ ಮತ್ತೆ ಮೊದಲಿಂದ ಶುರು ಮಾಡಬೇಕು. ಆಹಾರವನ್ನು ಎರಡೂ ತುದಿಗೆ ಚೆಲ್ಲಬೇಕು. ಅವನು ಇದನ್ನು ಡಿಪಿಎಸ್ ಕೆರೆಯ ಫ್ಲೆಮಿಂಗೊಗಳನ್ನು ತೋರಿಸಿ ವಿವರಿಸಿದ: ಅವು ತಿನ್ನುವ ಪಾಚಿ ನೀರಿನ ತುಂಬ ಹರಡಿರುತ್ತದೆ, ಯಾರೂ ಅದಕ್ಕೆ ಕಾವಲು ಕೂರಲಾರರು. ಸಣ್ಣದನ್ನು ಮಾತ್ರ ಬೇರೆ ತೊಟ್ಟಿಗೆ ಹಾಕಲೇಬೇಕು.

ಹಾಕಿದರು. ಮೊದಲ ವಾರ ಅದು ಅಲ್ಲೂ ಮೂಲೆಯಲ್ಲೇ ಇತ್ತು. ಆಮೇಲೆ ಬಾಲ ಕೂಡಿತು, ಮೈ ತುಂಬಿತು. ಆಂಧ್ರದ ಕೊಲ್ಲೇರು ಸುತ್ತಲಿನ ಮೀನು ಕೃಷಿಕರಿಗೆ ಇದು ಹೊಸದಲ್ಲ. ಅವರು ಕಾಟ್ಲಾ, ರೋಹು ಮರಿಗಳನ್ನು ಬೇಕೆಂದೇ ಇಕ್ಕಟ್ಟಿನಲ್ಲಿ, ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಕುಂಠಿತಗೊಳಿಸಿ, ಬಳಿಕ ದೊಡ್ಡ ಕೆರೆಗೆ ಬಿಡುತ್ತಾರೆ. ಅಲ್ಲಿ ಅವು ತಡೆದಿಟ್ಟ ಬೆಳವಣಿಗೆಯನ್ನು ಭರದಿಂದ ತೀರಿಸಿಕೊಳ್ಳುತ್ತವೆ. ಕೆರೆ ಸಿಗಬೇಕು, ಅಷ್ಟೇ.

ಚಿಕ್ಕಮ್ಮ ಅದೇ ವಾರ ಗಂಡನೊಡನೆ ಮಾತಾಡಿದರು. "ಮಕ್ಕಳ ತಮಾಷೆ, ನೀನು ದೊಡ್ಡದು ಮಾಡಬೇಡ" ಎಂದರು ಅವರು. ಆಕೆ ವಾದಿಸಲಿಲ್ಲ, ಹುಡುಗನನ್ನೇ ಕೇಳಿದರು: "ನಿಂಗೆ ಊರಿಗೆ ಹೋಗ್ಬೇಕಾ, ಹಾಸ್ಟೆಲ್ ಬೇಕಾ, ಇಲ್ಲೇ ಇರ್ತೀಯಾ?" ಅವನು ಬಹಳ ಹೊತ್ತು ಸುಮ್ಮನಿದ್ದು, "ಇಲ್ಲೇ. ಆದ್ರೆ ಹಾಲ್‌ನಲ್ಲಿ ಮಲಗ್ತೇನೆ ಚಿಕ್ಕಮ್ಮ" ಎಂದ. ದೊಡ್ಡವನು ಬಂದ ಮೇಲೆ ಆಕೆ ಅವನನ್ನೂ ಕೂರಿಸಿ, ಅವನು ನಗುವುದು ಯಾವುದಕ್ಕೆ ಎಂದು ನೇರವಾಗಿಯೇ ಕೇಳಿದರು. ಅವನಲ್ಲಿ ಉತ್ತರವಿರಲಿಲ್ಲ. ಮೀನಿಗಾದರೆ ಕಲ್ಲು ಬದಲಿಸಿದರೆ ಸಾಕು. ಮನುಷ್ಯನಿಗೆ ತನ್ನ ನಗುವಿನ ಲೆಕ್ಕ ಕೊಡಬೇಕಾಗುತ್ತದೆ.

ಹಾಲ್‌ನ ಟಿವಿ ಈಗ ಯಜಮಾನರ ಕೋಣೆಯಲ್ಲಿದೆ. ಅದರ ಜಾಗದಲ್ಲಿ ಹುಡುಗನ ಮೇಜು, ಮೇಜಿನ ಮೇಲೆ ಸಣ್ಣ ತೊಟ್ಟಿ. ಅದರೊಳಗಿನ ಮೀನು ಕರಿಯನಷ್ಟು ದೊಡ್ಡದಾಗಿಲ್ಲ, ಬಹುಶಃ ಆಗುವುದೂ ಇಲ್ಲ. ಕಳೆದ ತಿಂಗಳುಗಳು ಪೂರ್ತಿ ಮರಳುವುದಿಲ್ಲ. ಆದರೆ ಮುಚ್ಚಳ ತೆಗೆದ ಸದ್ದಿಗೆ ಅದು ಕೊಳವೆಯ ಹಿಂದೆ ಓಡುವುದಿಲ್ಲ. ಗಾಜಿನ ಮುಂದೆ ಬಂದು ನಿಲ್ಲುತ್ತದೆ.