ಯಾವ ಕೆರೆ?

ಕಳೆದ ಕಾರ್ತಿಕಮಾಸದಲ್ಲಿ ನಮ್ಮ ತಮ್ಮನ ಮಗನು ಇಬ್ಬರು ಕೂರುವ ಕಯಾಕ್ ದೋಣಿಯನ್ನು ಕಾರಿನ ಮೇಲೆ ಬಿಗಿದುಕೊಂಡು ನಮ್ಮ ಮನೆಗೆ ಬಂದನು. "ದೊಡ್ಡಪ್ಪ, ಎರಡು ರಾತ್ರಿ ನೀರಿನ ದಡದಲ್ಲಿ ಡೇರೆ ಹಾಕಬೇಕು, ಹಕ್ಕಿಗಳ ಚಿತ್ರ ತೆಗೆಯಬೇಕು. ಯಾವ ಕೆರೆಗೆ ಹೋಗೋಣ, ನೀವೇ ಹೇಳಿ" ಎಂದನು. ಮೂವತ್ತು ವರ್ಷ ಪಾಠ ಹೇಳಿದ ನಮಗೆ ಉತ್ತರವು ಕೂಡಲೇ ಬರಲಿಲ್ಲ. ಅದಕ್ಕೆ ಕಾರಣವುಂಟು.

ಎರಡು ವರ್ಷಗಳ ಹಿಂದೆ, ಮಳೆಗಾಲದ ಕೊನೆಯಲ್ಲಿ, ಇದೇ ದೋಣಿಯಲ್ಲಿ ನಾವಿಬ್ಬರೂ ನಮ್ಮೂರ ಕೆರೆಗೆ ಇಳಿದಿದ್ದೆವು. ಕಯಾಕಿಗೆ ಗೇಣುದ್ದ ನೀರಿದ್ದರೆ ಸಾಕು, ಸದ್ದೂ ಇಲ್ಲ. ದೊಡ್ಡ ದೋಣಿಯು ಹೋಗಲಾರದ ಜೊಂಡಿನೊಳಕ್ಕೂ ಅದು ನುಸುಳುವುದು. ಈ ಗುಣವೇ ಅದರ ದೋಷವೂ ಹೌದು; ಏಕೆಂದರೆ ನೀರುಹಕ್ಕಿಗಳು ಗೂಡು ಕಟ್ಟುವುದೂ ಅಲ್ಲಿಯೇ. ಅಂದು ಗುಳುಮುಳುಕವೊಂದು ತನ್ನ ತೇಲುಗೂಡಿನಲ್ಲಿ ಕಾವು ಕುಳಿತಿತ್ತು. ಈ ಹಕ್ಕಿಯು ಗೂಡು ಬಿಡುವಾಗ ಮೊಟ್ಟೆಗಳ ಮೇಲೆ ನೀರುಕಳೆಯನ್ನೆಳೆದು ಮುಚ್ಚುವುದುಂಟು. "ಇನ್ನೂ ಸ್ವಲ್ಪ ಹತ್ತಿರ" ಎಂದವರು ನಾವೇ. ಮುಚ್ಚಲು ಅವಕಾಶವಿಲ್ಲದೆ ಅದು ಮುಳುಗಿಹೋಯಿತು. ನಾವು ದೋಣಿಯನ್ನು ತಿರುಗಿಸುವಷ್ಟರಲ್ಲಿ ಕಾಗೆಯು ಗೂಡಿನ ಮೇಲಿತ್ತು. ಚಿತ್ರವೇನೋ ಚೆನ್ನಾಗಿ ಬಂದಿತು. ಇಂದಿಗೂ ನಡುಮನೆಯ ಗೋಡೆಯ ಮೇಲಿದೆ. ನೋಡಿದವರು ಹೊಗಳುವರು, ನಮಗೆ ಮಾತ್ರ ಚಿತ್ರದಲ್ಲಿಲ್ಲದ ಕಾಗೆಯು ಕಾಣುವುದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವನ್ಯಪಕ್ಷಿಗಳ ಗೂಡನ್ನೋ ಮೊಟ್ಟೆಯನ್ನೋ ಕಲಕುವುದನ್ನು ಬೇಟೆಯೆಂಬ ಪದದ ಅರ್ಥದೊಳಗೇ ಸೇರಿಸಿದೆ. ಸಂಸ್ಕೃತದಲ್ಲಿ ಬೇಟೆಗೆ ಮೃಗಯಾ ಎಂದು ಹೆಸರು. ಅದರ ಧಾತುವಿಗೆ ಹುಡುಕುವುದೆಂದು ಅರ್ಥ. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆವು. ಹುಡುಕಾಟವು ಎಲ್ಲಿ ಬೇಟೆಯಾಗುವುದೆಂಬುದು ಆ ದಿನ ತಿಳಿಯಿತು.

ಹುಡುಗನ ಮನಸ್ಸು ಗದಗ ಜಿಲ್ಲೆಯ ಮಾಗಡಿ ಕೆರೆಯ ಮೇಲಿತ್ತು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿ ತಂಗುವುವು. 2024ರಲ್ಲಿ ಆ ಕೆರೆಯು ರಾಮ್‌ಸಾರ್ ಪಟ್ಟಿಗೂ ಸೇರಿತು. "ಅಷ್ಟು ದೂರದಿಂದ ಬಂದ ಅತಿಥಿಗಳನ್ನು ದೋಣಿಯಿಂದ ಎಬ್ಬಿಸುವುದುಂಟೇನಪ್ಪ? ಅಲ್ಲಿಗೆ ಇನ್ನೊಮ್ಮೆ ಹೋಗು, ಏರಿಯ ಮೇಲೆ ನಿಂತು ಉದ್ದನೆಯ ಲೆನ್ಸಿನಿಂದ ತೆಗೆ" ಎಂದೆವು. ದೋಣಿಯ ನೀರು ಬೇರೆ, ಹಕ್ಕಿಯ ನೀರು ಬೇರೆ ಎಂದು ಅಂದೇ ಗೊತ್ತುಮಾಡಿದೆವು.

ದೋಣಿಗೆ ಸಾಗರದ ಬಳಿಯ ಹೊನ್ನೆಮರಡನ್ನು ಆರಿಸಿದೆವು. ಅದು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು; ಕೆರೆಯಲ್ಲವಾದರೂ ವಿಶಾಲವಾದುದು. ಅಪ್ಪಣೆ ದೊರೆತ ಮೇಲೆಯೇ ಹೊರಟೆವು. ಮುಳುಗಿದ ಮರಗಳ ಬೊಡ್ಡೆಗಳು ತಗಲುವ ಭಯವಿದ್ದುದರಿಂದಲೂ ಹೊತ್ತೇರಿದಂತೆ ಗಾಳಿಯೇಳುವುದರಿಂದಲೂ, ಲೈಫ್ ಜಾಕೆಟ್ಟು ತೊಟ್ಟು ಮುಂಜಾನೆಯಲ್ಲಿ ಮಾತ್ರ ದೋಣಿ ನಡೆಸಿದೆವು. ಡೇರೆಯನ್ನು ನಡುಗಡ್ಡೆಯಲ್ಲಿ ಹಾಕದೆ ದಡದ ಮೇಲೆಯೇ ಹಾಕಿದೆವು. ಬೇಸಿಗೆಯಲ್ಲಿ ನೀರಿಳಿದಾಗ ಭದ್ರಾ ಹಿನ್ನೀರಿನ ನಡುಗಡ್ಡೆಗಳ ಬರಿನೆಲದಲ್ಲಿ ರೀವಗಳೆಂಬ ಹಕ್ಕಿಗಳು ಮೊಟ್ಟೆಯಿಡುವುವು. ಅದು ಬೇಸಿಗೆಯಲ್ಲದಿದ್ದರೂ, ನಡುಗಡ್ಡೆಯನ್ನು ಬಿಟ್ಟುಕೊಡುವ ಅಭ್ಯಾಸವು ನಮಗೆ ಬೇಕಾಗಿತ್ತು.

ಎರಡು ದಿನಗಳಲ್ಲಿ ದೊರೆತುದು ಒಂದೇ ಒಳ್ಳೆಯ ಚಿತ್ರ: ಒಣಗಿದ ಬೊಡ್ಡೆಯ ಮೇಲೆ ತಾನಾಗಿ ಬಂದು ಕುಳಿತ ಮಿಂಚುಳ್ಳಿ. ಊರಿಗೆ ಬಂದಮೇಲೆ ಹುಡುಗನು, "ಹಳೆಯ ಚಿತ್ರವನ್ನು ಇಳಿಸಿಬಿಡಲೇ, ದೊಡ್ಡಪ್ಪ?" ಎಂದು ಕೇಳಿದನು. ಬೇಡವೆಂದೆವು. ಈಗ ಎರಡೂ ಪಕ್ಕಪಕ್ಕದಲ್ಲಿವೆ. ಯಾರಾದರೂ ಗುಳುಮುಳುಕವನ್ನು ಹೊಗಳಿದರೆ, ಕಾಗೆಯ ಕಥೆಯನ್ನೂ ಹೇಳುತ್ತೇವೆ.