ಸಂತೇಬೆನ್ನೂರಿನಲ್ಲಿ ಒಂದು ತೊಟ್ಟಿ ಕಡಲು

ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ನೀರನ್ನು ಅಂದವಾಗಿ ಕಟ್ಟಿ ನಿಲ್ಲಿಸಿದ ಊರು. ಪಾಳೇಗಾರ ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿಯ ಕಲ್ಲು ಮೆಟ್ಟಿಲುಗಳು ಇಂದಿಗೂ ನಾಲ್ಕೂ ಕಡೆಯಿಂದ ನೀರಿಗೆ ಇಳಿಯುತ್ತವೆ. ನಡುವೆ ವಸಂತ ಮಂಟಪ, ದಡದ ಮೇಲೆ ಮುಸಾಫಿರ್‌ಖಾನೆ. ಇದೇ ತಾಲ್ಲೂಕಿನಲ್ಲಿ ಸೂಳೆಕೆರೆ ಇದೆ. ಶಾಂತಿಸಾಗರವೆಂದೂ ಕರೆಸಿಕೊಳ್ಳುವ ಆ ಕೆರೆಯ ನೀರು ಚಿತ್ರದುರ್ಗದವರ ಬಾಯಾರಿಕೆಯನ್ನೂ ತಣಿಸುತ್ತದೆ. ಭದ್ರಾ ನಾಲೆ, ಅಡಿಕೆ ತೋಟ, ತೋಟಕ್ಕೊಂದು ಬೋರ್‌ವೆಲ್. ಮೀನೆಂದರೆ ಕೆರೆಯ ಕಾಟ್ಲಾ, ರೋಹು. ಎಲ್ಲವೂ ಸಿಹಿನೀರಿನ ಬದುಕು. ಕಡಲು ಕಾಣಬೇಕಾದರೆ ಶಿವಮೊಗ್ಗ ದಾಟಿ, ಘಟ್ಟ ಇಳಿದು, ಇನ್ನೂರು ಕಿಲೋಮೀಟರಿನಷ್ಟು ದೂರ ಹೋಗಬೇಕು.

ಆಸೆ ಊರು ಕೇರಿ ನೋಡಿ ಹುಟ್ಟುವುದಿಲ್ಲ. 2003ರ ‘ಫೈಂಡಿಂಗ್ ನೀಮೋ’ ಸಿನಿಮಾ ನೋಡಿದ ಮಗು ಕಿತ್ತಳೆ ಮೈಯ, ಬಿಳಿ ಪಟ್ಟೆಯ ಕ್ಲೌನ್ ಮೀನು ಬೇಕೆಂದು ಹಟ ಹಿಡಿಯುತ್ತದೆ. 2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ತೆರೆಗೆ ಬಂದಾಗ ಕಡಲನ್ನೇ ಕಾಣದ ಒಳನಾಡಿನ ಮಂದಿಯೂ ನಮ್ಮ ನೀರಿನಡಿಯ ಲೋಕವನ್ನು ಕಣ್ತುಂಬ ನೋಡಿದರು. ಅಂಥದ್ದೊಂದು ತುಣುಕು ಮನೆಯ ಹಜಾರದಲ್ಲಿರಲಿ ಅನ್ನಿಸಿದರೆ ತಪ್ಪೇನಿಲ್ಲ. ಸಂತೇಬೆನ್ನೂರಿನಂಥ ಊರಿನಲ್ಲೂ ಅದು ಆಗುವ ಕೆಲಸವೇ. ಹಾಗೆ ಹೊರಟವರು ಮೊದಲ ಎರಡು ತಿಂಗಳು ಮೀನಿನ ಅಂಗಡಿಯ ಕಡೆ ಸುಳಿಯದೆ ಬರೀ ನೀರನ್ನು ಸಾಕಲು ಕಲಿಯಬೇಕು, ಅಷ್ಟೇ.

ಲೆಕ್ಕ ತೊಟ್ಟಿಯಿಂದ ಶುರು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿ ಸುಮಾರು 190 ಲೀಟರ್ ಹಿಡಿಯುತ್ತದೆ. ಹೊಸಬರು ಸಣ್ಣದರಲ್ಲಿ ಕಲಿಯೋಣ ಎಂದುಕೊಳ್ಳುವುದುಂಟು. ಉಪ್ಪುನೀರಿನಲ್ಲಿ ಆ ಲೆಕ್ಕ ತಿರುಗುಮುರುಗು: ನೀರು ಕಡಿಮೆಯಾದಷ್ಟೂ ಬಿಸಿ, ಉಪ್ಪು, ಕೊಳೆ ಎಲ್ಲವೂ ಬೇಗ ಏರುಪೇರಾಗುತ್ತವೆ. ಕಲ್ಲು, ಗಾಜು, ನೀರು ಸೇರಿ ಇನ್ನೂರೈವತ್ತು ಕೆ.ಜಿ. ದಾಟುವುದರಿಂದ ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವಂಥದ್ದಲ್ಲ. ನೆಲ ಸಮತಟ್ಟಾಗಿರಬೇಕು, ಸ್ಟ್ಯಾಂಡ್ ಗಟ್ಟಿಯಾಗಿರಬೇಕು, ಕಿಟಕಿಯ ಬಿಸಿಲು ಬೀಳಬಾರದು.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಅಂದರೆ ಈ ತೊಟ್ಟಿಗೆ ಆರೂವರೆಯಿಂದ ಏಳು ಕೆ.ಜಿ. ಬೇಕು. ಅಷ್ಟು ಉಪ್ಪು ಕಿರಾಣಿ ಅಂಗಡಿಯಲ್ಲೇ ಸಿಗುತ್ತದಲ್ಲ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಉತ್ತರ ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಗದ್ದೆಗಳಲ್ಲಿದೆ. ಅಲ್ಲಿ ಕಡಲ ನೀರು ಬಿಸಿಲಿಗೆ ಇಂಗುತ್ತ ಬಂದಂತೆ ಮೊದಲು ಗಟ್ಟಿಯಾಗುವವುಗಳಲ್ಲಿ ಸುಣ್ಣದಂಶವಿದೆ, ಆಮೇಲೆ ಅಡುಗೆಯ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಂ, ಪೊಟ್ಯಾಸಿಯಂ ಹೆಚ್ಚಾಗಿ ಕೊನೆಗೆ ಮಿಗುವ ಕಹಿನೀರಿನಲ್ಲೇ ಉಳಿದುಬಿಡುತ್ತವೆ. ಹರಳನ್ನು ಬಾಚಿಕೊಂಡು ಕಹಿನೀರನ್ನು ಬಿಡುವುದೇ ಉಪ್ಪು ಮಾಡುವ ವಿದ್ಯೆ. ಹೀಗಾಗಿ ಅಪ್ಪಟ ಕಡಲುಪ್ಪನ್ನೇ ತಂದು ಕರಗಿಸಿದರೂ ಅದು ಮತ್ತೆ ಕಡಲಾಗುವುದಿಲ್ಲ. ಲೀಟರಿಗೆ 400 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ, 1,300 ಮಿಲಿಗ್ರಾಂ ಆಸುಪಾಸು ಮೆಗ್ನೀಸಿಯಂ ಇರುವಂತೆ ಬೆರೆಸಿದ ಅಕ್ವೇರಿಯಂ ಉಪ್ಪೇ ಬೇಕು. ಅದು ಬೆಂಗಳೂರಿನಿಂದ ಪಾರ್ಸೆಲ್‌ನಲ್ಲಿ ಬರುತ್ತದೆ.

ಮಲ್ಪೆಗೆ ಹೋದಾಗ ಕ್ಯಾನು ತುಂಬಿಸಿಕೊಂಡು ಬಂದರೆ? ಮಳೆಗಾಲದಲ್ಲಿ ಹೊಳೆಗಳು ಬಂದು ಸೇರುವ ದಡದ ನೀರಿನಲ್ಲಿ ಉಪ್ಪಿನಂಶ ಇಳಿದಿರುತ್ತದೆ, ಬಂದರಿನ ಹತ್ತಿರ ಡೀಸೆಲ್ಲಿನ ಪಸೆ ಇರುತ್ತದೆ. ಬೇಡ.

ಉಪ್ಪು ಕರಗಿಸುವ ನೀರಿನ ವಿಷಯದಲ್ಲಿ ಈ ಸೀಮೆ ಇನ್ನೂ ಎಚ್ಚರ ಬೇಡುತ್ತದೆ. ದಾವಣಗೆರೆ ಜಿಲ್ಲೆಯ ಬೋರ್‌ವೆಲ್ ನೀರು ಬಹುಪಾಲು ಗಡಸು; ಜಗಳೂರು ಕಡೆ ಫ್ಲೋರೈಡಿನ ಕಾಟ ಬೇರೆ. ತೋಟದ ಗೊಬ್ಬರದ ನೈಟ್ರೇಟು ನೆಲದೊಳಗೆ ಇಳಿದಿರುತ್ತದೆ. ಆದರೆ ಇದೇ ಗಡಸುನೀರು ಹಳ್ಳಿಹಳ್ಳಿಗೂ ಒಂದು ಅನುಕೂಲವನ್ನು ತಂದುಕೊಟ್ಟಿದೆ: ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕ. ಆ ಆರ್‌ಒ ನೀರಿನಿಂದಲೇ ಕಡಲು ಕಟ್ಟಲು ತೊಡಗಬಹುದು. ನೀರಿನಲ್ಲಿ ಕರಗಿದ ಲವಣಾಂಶ ತೋರಿಸುವ ಒಂದು ಟಿಡಿಎಸ್ ಮೀಟರ್ ಇಟ್ಟುಕೊಂಡು ಅಳೆದು ನೋಡಬೇಕು. ಕುಡಿಯಲು ನೂರರ ಹತ್ತಿರ ಇದ್ದರೂ ಚಿಂತೆಯಿಲ್ಲ, ಹವಳದ ತೊಟ್ಟಿಗೆ ಸೊನ್ನೆಯ ಹತ್ತಿರ ಇರಬೇಕು. ಅದಕ್ಕೆ ಡಿಐ ರೆಸಿನ್ ತುಂಬಿದ ಸಣ್ಣ ಕೊಳವೆಯೊಂದನ್ನು ಜೋಡಿಸಿ ನೀರನ್ನು ಇನ್ನೊಮ್ಮೆ ಸೋಸಿಕೊಳ್ಳುತ್ತಾರೆ. ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಬೇಕೆಂಬುದು ವಾಡಿಕೆ. 190 ಲೀಟರಿಗೆ ಅದು ಹೆಚ್ಚುಕಡಿಮೆ ಒಂದು ಕ್ಯಾನು.

ಈ ನೀರನ್ನು ತಾಮ್ರದ ಕೊಡದಲ್ಲಿ ತುಂಬಿಡಬಾರದು. ತಾಮ್ರದ ಪಾತ್ರೆಯ ನೀರು ಮೈಗೆ ಒಳ್ಳೆಯದೆಂದು ಮನೆಗಳಲ್ಲಿ ನಂಬಿಕೆ, ಆದರೆ ಸೀಗಡಿ, ಶಂಖದ ಹುಳು, ಹವಳಗಳಂಥ ಬೆನ್ನುಮೂಳೆಯಿಲ್ಲದ ಜೀವಿಗಳಿಗೆ ತಾಮ್ರ ಚೂರೇ ಚೂರು ಸೇರಿದರೂ ವಿಷ. ಅಡಿಕೆ ಸೀಮೆಯಲ್ಲಿ ಇದು ಬರೀ ಪಾತ್ರೆಯ ಮಾತಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು. ತೋಟದಲ್ಲಿ ಔಷಧಿ ಕಲಸಿದ ಬಕೆಟ್ಟಿನಲ್ಲಿ ತೊಟ್ಟಿಯ ನೀರು ಕಲಸುವುದು, ಕಲಸಿದ ಕೈಯನ್ನೇ ತೊಟ್ಟಿಗೆ ಅದ್ದುವುದು, ಎರಡೂ ಸಲ್ಲದು. ತೊಟ್ಟಿಗೆಂದೇ ಬೇರೆ ಬಕೆಟ್ಟು, ಬೇರೆ ಮಗ್ಗು ಇಟ್ಟುಬಿಡುವುದು ವಾಸಿ.

ನೀರು ಸಿದ್ಧವಾಯಿತು, ಉಪ್ಪು ಕರಗಿತು, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಂದ್ರತೆ 1.025 ಬಂತು. ಒಳಗೆ ರಂಧ್ರಗಳಿರುವ ಒಣ ಕಲ್ಲು ಜೋಡಿಸಿ, ನೀರು ತಿರುಗಿಸುವ ಸಣ್ಣ ಮೋಟರು ಹಾಕಿದ್ದಾಯಿತು. ಈಗ ಕಾಯುವ ಕಾಲ. ಒಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿ ಕೊಳೆಯಲು ಬಿಟ್ಟರೆ ಅಮೋನಿಯಾ ಹುಟ್ಟುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಕಲ್ಲಿನ ಸಂದುಗಳಲ್ಲಿ ನೆಲೆಯೂರಿ ನೈಟ್ರೈಟ್ ಮಾಡುತ್ತದೆ. ನೈಟ್ರೈಟನ್ನು ತಿನ್ನುವ ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನವೆರಡೂ ಮೀನಿಗೆ ನಂಜು, ಕೊನೆಯದು ಅಷ್ಟು ಕೆಟ್ಟದ್ದಲ್ಲ. ಟೆಸ್ಟ್ ಕಿಟ್ಟಿನ ಬಣ್ಣದಲ್ಲಿ ಅಮೋನಿಯಾ ಏರಿ ಇಳಿಯುವುದು, ಅದರ ಬೆನ್ನಿಗೆ ನೈಟ್ರೈಟ್ ಏರಿ ಇಳಿಯುವುದು ಕಾಣುತ್ತದೆ. ಎರಡೂ ಸೊನ್ನೆಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಜಕಾರ್ತದ ಲೀ ಚಿನ್ ಎಂಗ್ ಎಂಬ ಹವ್ಯಾಸಿ 1961ರಲ್ಲಿ ಜೀವಂತ ಕಲ್ಲು ಮತ್ತು ಗಾಳಿಯ ಗುಳ್ಳೆಗಳಿಂದಲೇ ಹವಳದ ತೊಟ್ಟಿ ಬದುಕಬಲ್ಲದೆಂದು ಜಗತ್ತಿಗೆ ಬರೆದು ತಿಳಿಸಿದ. ದೊಡ್ಡ ಕೆಲಸ ಮಾಡುವುದು ಯಂತ್ರವಲ್ಲ, ಕಲ್ಲಿನೊಳಗಿನ ಕಣ್ಣಿಗೆ ಕಾಣದ ಜೀವಿಗಳು ಎಂಬುದು ಆತನ ತೊಟ್ಟಿಯಿಂದ ಹವ್ಯಾಸಿಗಳಿಗೆ ಮನದಟ್ಟಾಯಿತು.

ಈ ನಡುವೆ ಒಂದು ಬೆಳಗ್ಗೆ ಮರಳಿನ ಮೇಲೆ, ಗಾಜಿನ ಮೇಲೆ ಕಾಫಿಪುಡಿ ಉದುರಿಸಿದಂತೆ ಕಂದು ಲೇಪ ಹರಡಿರುತ್ತದೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಬೆರಳಾಡಿಸಿದರೆ ಎದ್ದು ತೇಲುತ್ತದೆ, ಸಂಜೆಗೆ ಮತ್ತೆ ಕೂರುತ್ತದೆ. ನೀರಿನಲ್ಲಿರುವ ಸಿಲಿಕಾ ತೀರಿದ ಮೇಲೆ ತಾನಾಗಿಯೇ ಹೋಗುತ್ತದೆ. ಅದರ ಜಾಗಕ್ಕೆ ಹಸಿರು ಪಾಚಿ ಬರುತ್ತದೆ. ಇದನ್ನು ಕಂಡು ಗಾಬರಿಯಾಗಿ ತೊಟ್ಟಿ ಬರಿದು ಮಾಡಿ ತೊಳೆದವರು ಅಷ್ಟೂ ವಾರಗಳ ಕೆಲಸವನ್ನು ಚರಂಡಿಗೆ ಚೆಲ್ಲಿದಂತೆ.

ಬಯಲುಸೀಮೆಯ ಬೇಸಿಗೆ ನಿಜವಾದ ಪರೀಕ್ಷೆ. ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ಏಪ್ರಿಲ್‌ನಲ್ಲಿ ಇಲ್ಲಿ ಹೊರಗಿನ ಬಿಸಿಲು 37 ಡಿಗ್ರಿ ಮುಟ್ಟುತ್ತದೆ. ಹವಳದ ಮೈಯೊಳಗೆ ವಾಸವಿದ್ದು ಅದಕ್ಕೆ ಅನ್ನವನ್ನೂ ಬಣ್ಣವನ್ನೂ ಕೊಡುವ ಸೂಕ್ಷ್ಮ ಪಾಚಿಗಳಿವೆ. ನೀರು ಸಹಿಸಲಾರದಷ್ಟು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಲಕ್ಷದ್ವೀಪದ ದಿಬ್ಬಗಳಲ್ಲಿ ಹೀಗೇ ಆಗಿ ಅಪಾರ ಹವಳ ಸತ್ತುಹೋಯಿತು. ಕಡಲಿಗೇ ತಡೆಯದ ಬಿಸಿಯನ್ನು 190 ಲೀಟರ್ ನೀರು ತಡೆದೀತೆ? ನೀರಿನ ಮೇಲ್ಮೈಗೆ ಸಣ್ಣ ಫ್ಯಾನು ತಿರುಗಿಸಿದರೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕಡು ಬೇಸಿಗೆಗೆ ಚಿಲ್ಲರ್ ಬೇಕೇ ಬೇಕು, ಅದು ತೊಟ್ಟಿಗಿಂತ ದುಬಾರಿ. ಆವಿಯಾಗಿ ಹೋಗುವುದು ಸಿಹಿನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ದಿನದಿನದ ಭರ್ತಿಗೆ ಉಪ್ಪು ಹಾಕದ ಆರ್‌ಒ ನೀರನ್ನೇ ಸುರಿಯಬೇಕು. ಕರೆಂಟ್ ಹೋದಾಗ ನೀರು ನಿಂತು ಕೆಲವೇ ಗಂಟೆಗಳಲ್ಲಿ ಪ್ರಾಣವಾಯು ತಗ್ಗುತ್ತದೆ. ಬ್ಯಾಟರಿಯಲ್ಲಿ ನಡೆಯುವ ಗಾಳಿ ಪಂಪ್ ಒಂದು ಮನೆಯಲ್ಲಿರಲಿ. ಯುಪಿಎಸ್ ಇದ್ದರೆ ದೀಪಕ್ಕಿಂತ ಮೊದಲು ಮೋಟರಿಗೆ ಕೊಡಬೇಕು.

ಇಷ್ಟಾದ ಮೇಲೆ ಮೀನು. ಮೊದಲು ಬರಬೇಕಾದದ್ದು ಮರಿಕೇಂದ್ರದಲ್ಲಿ ಹುಟ್ಟಿದ ಒಂದು ಜೋಡಿ ಕ್ಲೌನ್ ಮೀನು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಲವು ಜಾತಿಯ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದ್ದಾರೆ. ಈ ಮೀನಿನ ಸಂಸಾರವೇ ಬೆರಗು. ಹುಟ್ಟುವಾಗ ಎಲ್ಲವೂ ಗಂಡಾಗುವಂಥವು. ಜೋಡಿಯಲ್ಲಿ ದೊಡ್ಡದಾಗಿ ಬೆಳೆದದ್ದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಗಂಡು ಹೆಣ್ಣಾಗಿ ಅದರ ಜಾಗ ತುಂಬುತ್ತದೆ. ಹೊಂದಿಕೊಂಡ ಜೋಡಿ ಕಲ್ಲನ್ನೋ ಮಡಕೆಯ ಚೂರನ್ನೋ ಬಾಯಲ್ಲಿ ಕಚ್ಚಿ ಕಚ್ಚಿ ಶುಚಿ ಮಾಡಿ, ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಒತ್ತೊತ್ತಾಗಿ ಅಂಟಿಸುತ್ತದೆ. ಗಂಡು ವಾರವಿಡೀ ರೆಕ್ಕೆ ಬೀಸಿ ಅವುಗಳಿಗೆ ಗಾಳಿ ಹಾಕುತ್ತದೆ, ಕೆಟ್ಟ ಮೊಟ್ಟೆಯನ್ನು ಆರಿಸಿ ತೆಗೆಯುತ್ತದೆ. ಒಡೆಯುವ ದಿನ ಹತ್ತಿರವಾದಂತೆ ಮೊಟ್ಟೆಯೊಳಗೆ ಬೆಳ್ಳಿ ಚುಕ್ಕಿಗಳು ಕಾಣುತ್ತವೆ. ಅವು ಮರಿಗಳ ಕಣ್ಣು.

ಕಡಲಿನಿಂದ ಹಿಡಿದ ಮೀನಿಗೆ ಈ ಸುಖವಿಲ್ಲ. ಆಗ್ನೇಯ ಏಷ್ಯಾದ ಕೆಲವೆಡೆ ಹವಳದ ಸಂದಿಗೆ ಸಯನೈಡ್ ಚಿಮ್ಮಿಸಿ, ಮೀನಿಗೆ ಮತ್ತೇರಿಸಿ ಹಿಡಿಯುವ ಕೆಟ್ಟ ಪದ್ಧತಿ ಬೆಳೆದುಬಂದಿದೆ. ಮೀನೂ ಬಾಳುವುದಿಲ್ಲ, ಸುತ್ತಲ ಹವಳವೂ ಸಾಯುತ್ತದೆ. ಮ್ಯಾಂಡರಿನ್ ಮೀನು ನೋಡಲು ಚಿತ್ರ ಬರೆದಂತಿರುತ್ತದೆ, ಆದರೆ ಅದು ತಿನ್ನುವುದು ಕಲ್ಲಿನಲ್ಲಿ ಹರಿದಾಡುವ ಸೂಕ್ಷ್ಮ ಜೀವಿಗಳನ್ನು. ಹೊಸ ತೊಟ್ಟಿಯಲ್ಲಿ ಅವಿರುವುದಿಲ್ಲ, ಮೀನು ಹಸಿದು ಸಾಯುತ್ತದೆ. ಅಂದ ನೋಡಿ ಕೊಳ್ಳುವವರ ಕೈಯಲ್ಲಿ ಆಗುವ ಇಂಥ ಸಾವುಗಳನ್ನು ತಪ್ಪಿಸುವುದು ಕಷ್ಟವಲ್ಲ. ಕೊಳ್ಳುವ ಮೊದಲು ಅದರ ಊಟ ಕೇಳಿ ತಿಳಿದರೆ ಸಾಕು.

ಇನ್ನು ಹವಳ. ಹವಳ ತನ್ನ ಗೂಡನ್ನು ಕಟ್ಟುವುದು ಸುಣ್ಣದ ಕಲ್ಲಿನಿಂದ. ಅದಕ್ಕಾಗಿ ಜಗತ್ತಿನ ಹವ್ಯಾಸಿಗಳು ಸುಣ್ಣದ ತಿಳಿನೀರನ್ನೇ ತೊಟ್ಟಿಕ್ಕಿಸುತ್ತಾರೆ, ಎಲೆಯಡಿಕೆಗೆ ಹಚ್ಚುವ ಸುಣ್ಣದ ಜಾತಿಯದೇ, ಆದರೆ ಅಪ್ಪಟ ಶುದ್ಧವಾದದ್ದು. ತಿಳಿಯ ಕ್ಷಾರ ಜೋರು, ಒಮ್ಮೆಲೇ ಸುರಿದರೆ ಎಲ್ಲ ಸಾಯುತ್ತವೆ. ರಾತ್ರಿಯಿಡೀ ಹನಿ ಹನಿಯಾಗಿ ಬೀಳಬೇಕು.

ನಮ್ಮ ದೇಶದಲ್ಲಿ ಇಲ್ಲೊಂದು ಗಟ್ಟಿ ಗೆರೆಯಿದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ, ಕಡಲ್ಗುದುರೆ ಇವೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದವು, ಅಂದರೆ ಹುಲಿ ಇರುವ ಪಟ್ಟಿಗೆ. ನಮ್ಮ ಕಡಲಿನಿಂದ ಒಂದು ಒಣ ತುಂಡನ್ನು ಎತ್ತಿಕೊಂಡು ಬಂದರೂ ಅಪರಾಧ. ಇದು ಹವ್ಯಾಸಿಗೆ ಅಡ್ಡಿಯಾದರೂ ಸರಿಯಾದ ಕಾನೂನು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ದಶಕಗಟ್ಟಲೆ ಸುಣ್ಣಕ್ಕೂ ಕಟ್ಟಡಕ್ಕೂ ಹವಳ ಅಗೆದರು; ಅಲ್ಲಿನ 21 ದ್ವೀಪಗಳಲ್ಲಿ ಎರಡು ನೀರಿನಡಿ ಹೋದವು. ಗುಂಡಾಗಿ ಬೆಳೆಯುವ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನಷ್ಟು. ಕಿತ್ತದ್ದು ಕಿತ್ತವರ ಕಾಲದಲ್ಲಿ ಮತ್ತೆ ಬರುವುದಿಲ್ಲ. ಪಟ್ಟಿಯಲ್ಲಿಲ್ಲದ ಮೃದು ಹವಳಗಳನ್ನು ಕೊಳ್ಳುವಾಗಲೂ ಎಲ್ಲಿಂದ ಬಂತೆಂಬ ಕಾಗದ ಕೇಳಬೇಕು. ಕಾಗದ ಕೊಡದವರಲ್ಲಿ ವ್ಯಾಪಾರ ಬೇಡ.

ಹಾಗಾದರೆ ಸಂತೇಬೆನ್ನೂರಿನ ತೊಟ್ಟಿಯಲ್ಲಿ ಏನಿರುತ್ತದೆ? ಒಣಗಲ್ಲಿನ ಮೇಲೆ ನಿಧಾನವಾಗಿ ಹಬ್ಬುವ ನೇರಳೆ ಪಾಚಿಯ ಪದರ, ಒಂದು ಜೋಡಿ ಕ್ಲೌನ್ ಮೀನು, ಪಾಚಿ ಮೇಯುವ ಕೆಲವು ಶಂಖದ ಹುಳು, ಒಂದು ಸೀಗಡಿ. ಅಷ್ಟನ್ನು ಒಂದು ಬೇಸಿಗೆ ದಾಟಿಸಿದವರು ಮಿಕ್ಕದ್ದನ್ನು ಯೋಚಿಸಬಹುದು. ಪೂರ್ತಿ ಹವಳದ ದಿಬ್ಬವನ್ನೇ ನೋಡುವ ಹಂಬಲವಿದ್ದರೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಕಡಲೊಳಗೆ ನೇತ್ರಾಣಿ ದ್ವೀಪವಿದೆ. ಮಳೆಗಾಲ ಕಳೆದ ಮೇಲೆ ಅಲ್ಲಿಗೆ ದೋಣಿಗಳು ಹೋಗುತ್ತವೆ, ಈಜು ಬಾರದವರನ್ನೂ ಕೈ ಹಿಡಿದು ನೀರಿಗಿಳಿಸುವ ತರಬೇತುದಾರರಿದ್ದಾರೆ. ತೊಟ್ಟಿಗೆ ದುಡ್ಡು ಹಾಕುವ ಮೊದಲು ಮನೆಮಂದಿಯೆಲ್ಲ ಒಮ್ಮೆ ಅಲ್ಲಿಗೆ ಹೋಗಿಬನ್ನಿ. ಏನನ್ನೂ ಮುಟ್ಟಬೇಡಿ, ಏನನ್ನೂ ತರಬೇಡಿ. ಊರಿಗೆ ಬಂದು ಮೀನು ಕೊಳ್ಳುವ ದಿನ ಅಂಗಡಿಯವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಮೀನು ತೊಟ್ಟಿಯಲ್ಲಿ ಹುಟ್ಟಿದ್ದೋ, ಕಡಲಲ್ಲಿ ಹಿಡಿದದ್ದೋ?