ಓಟ ಯಾವ ಪದ?

ಮೂರನೆಯ ತರಗತಿಯ ಮಗುವಿಗೆ ಕನ್ನಡದಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಅಂಕ ಬಂದರೆ ಮನೆಯಲ್ಲಿ ಏನೇನು ನಡೆಯಬೇಕೋ ಅದೆಲ್ಲವೂ ಮೈಸೂರಿನ ಆ ಮನೆಯಲ್ಲಿ ನಡೆಯಿತು. ತಾಯಿ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ಅಡುಗೆಮನೆಗೂ ಹಜಾರಕ್ಕೂ ಎರಡು ಸಲ ಓಡಾಡಿದಳು. ತಂದೆ, “ಹುಟ್ಟಿದಂದಿನಿಂದ ಕನ್ನಡವನ್ನೇ ಆಡುವ ಮಗುವಿಗೆ ಕನ್ನಡವೇ ಬಾರದೆಂದರೆ ಏನರ್ಥ?” ಎಂದು ಗೋಡೆಯನ್ನು ಕೇಳಿದ. ಮಗು ಸದ್ದಿಲ್ಲದೆ ತಾತನ ಕುರ್ಚಿಯ ಹಿಂದೆ ಹೋಗಿ ನಿಂತಿತು. ತಾತ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಕೊನೆಗೆ ಪತ್ರಿಕೆ ಅವರ ಕೈಗೇ ಬಂದಿತು.

ನಾಮಪದಗಳನ್ನೂ ಕ್ರಿಯಾಪದಗಳನ್ನೂ ಬೇರ್ಪಡಿಸಿ ಬರೆಯಬೇಕೆಂಬುದು ಪ್ರಶ್ನೆ. ಓಟ, ಆಟ, ಊಟ, ನಗು, ಈ ನಾಲ್ಕನ್ನೂ ಹುಡುಗಿ ಕ್ರಿಯಾಪದಗಳ ಸಾಲಿನಲ್ಲಿ ಬರೆದಿದ್ದಳು. ನಾಲ್ಕರ ಮೇಲೂ ಕೆಂಪು ಗೆರೆ.

“ಕೆಲಸಾನ ತಿಳಿಸೋದೆಲ್ಲ ಕ್ರಿಯಾಪದ ಅಂತ ಮಿಸ್ಸು ಹೇಳಿಕೊಟ್ರು ತಾತ. ಓಟ ಕೆಲಸ ಅಲ್ವಾ?”

ತಾತ ಕನ್ನಡಕ ತೆಗೆದು ಒರೆಸಿದರು, ಉತ್ತರ ಹೇಳಲಿಲ್ಲ. ಇದೇ ಪ್ರಶ್ನೆಯನ್ನು, ಇದೇ ‘ಓಟ’ವನ್ನೇ ಹಿಡಿದು, ಬಹಳ ಹಿಂದೆ ಒಂದು ಸಣ್ಣ ಊರಿನ ಶಾಲೆಯಲ್ಲಿ ಹುಡುಗನೊಬ್ಬ ಅವರನ್ನು ಕೇಳಿದ್ದ. ಅಧಿಕಪ್ರಸಂಗವೆಂದು ಅವನನ್ನು ಆ ದಿನವಿಡೀ ಬೆಂಚಿನ ಮೇಲೆ ನಿಲ್ಲಿಸಿದ್ದರು. ಆಮೇಲೆ ಅವನು ಯಾವ ಪ್ರಶ್ನೆಯನ್ನೂ ಕೇಳಿದ ನೆನಪು ಅವರಿಗಿಲ್ಲ.

ವ್ಯಕ್ತಿ, ವಸ್ತು, ಸ್ಥಳಗಳ ಹೆಸರು ನಾಮಪದ. ಕೆಲಸವನ್ನು ತಿಳಿಸುವುದು ಕ್ರಿಯಾಪದ. ಕೇಳಲು ಅಚ್ಚುಕಟ್ಟಾದ ಈ ಲಕ್ಷಣ ಮಕ್ಕಳನ್ನು ದಾರಿ ತಪ್ಪಿಸುವಷ್ಟು ಮತ್ತಾವುದೂ ತಪ್ಪಿಸದು. ಅದನ್ನು ಅಕ್ಷರಶಃ ನಂಬಿದ ಮಗುವೇ ತಪ್ಪು ಬರೆಯುತ್ತದೆ. ನಂಬದೆ ಉರು ಹೊಡೆದದ್ದು ಪೂರ್ತಿ ಅಂಕ ಪಡೆಯುತ್ತದೆ.

ಊಟವಾದ ಮೇಲೆ ತಾತ ಮೊಮ್ಮಗಳನ್ನು ಜಗಲಿಗೆ ಕರೆದರು. ಪುಸ್ತಕ ತರಬೇಡವೆಂದರು. “ಪುಟ್ಟೀ, ಪ್ರತಿಯೊಂದು ಮಾತಿಗೂ ‘ಅನ್ನು’ ಅಂತ ಒಂದು ಬಾಲ ಹಚ್ಚಿ ನೋಡು. ಬಾಲ ಕೂತರೆ ಅದು ನಾಮಪದ.”

“ಓಟವನ್ನು ನೋಡಿದೆ. ಊಟವನ್ನು ಮಾಡಿದೆ. ಆಟವನ್ನು ಆಡಿದೆ.”

“ಈಗ ‘ಓಡಿದಳು’ ತಗೊ.”

“ಓಡಿದಳನ್ನು!” ಹುಡುಗಿ ನಕ್ಕುಬಿಟ್ಟಳು. ಮರುಕ್ಷಣವೇ ಹುಬ್ಬು ಗಂಟಿಕ್ಕಿ, “ಓಡಿದವಳನ್ನು ಅಂತೀವಲ್ಲ?” ಎಂದಳು.

“ಹಾಗಾದರೆ ‘ಓಡಿದವಳು’ ಒಬ್ಬ ಹುಡುಗಿಯ ಹೆಸರಾಯಿತು. ಅದೂ ನಾಮಪದವೇ.”

‘ನಗು’ ಮಾತ್ರ ಎರಡು ಕಡೆಯೂ ಕುಳಿತಿತು. ನಗುವನ್ನು ತಡೆದಳು ಎಂದರೆ ನಾಮಪದ. ನೀನು ನಗು ಎಂದರೆ ಕ್ರಿಯಾಪದ. ವಾಕ್ಯವಿಲ್ಲದೆ ಬರಿಯ ‘ನಗು’ವನ್ನು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟವರಿಗೆ ಎಷ್ಟು ಅಂಕ ಕೊಡಬೇಕೋ!

ಈ ಬಾಲದ ಉಪಾಯ ತಾತನ ಸ್ವಂತದ್ದಲ್ಲ. ಪದವನ್ನು ಅರ್ಥದಿಂದಲ್ಲ, ಕೊನೆಯ ಪ್ರತ್ಯಯದಿಂದ ಗುರುತಿಸಬೇಕೆಂಬುದು ಪಾಣಿನಿಯಷ್ಟು ಹಳೆಯ ಮಾತು. ವಿಭಕ್ತಿ ಪ್ರತ್ಯಯ ಹತ್ತುವುದು ನಾಮ, ಆಖ್ಯಾತ ಪ್ರತ್ಯಯ ಹತ್ತುವುದು ಕ್ರಿಯೆ, ಎರಡೂ ಹತ್ತದೆ ಇದ್ದಂತೆಯೇ ಇರುವ ಮತ್ತು, ಆದರೆ, ಅಯ್ಯೋ ಮುಂತಾದುವು ಅವ್ಯಯ. ಹದಿಮೂರನೆಯ ಶತಮಾನದ ಕೇಶಿರಾಜನೂ ತನ್ನ ಶಬ್ದಮಣಿದರ್ಪಣದಲ್ಲಿ ನಾಮಕ್ಕೆ, ಆಖ್ಯಾತಕ್ಕೆ, ಅವ್ಯಯಕ್ಕೆ ಬೇರೆ ಬೇರೆ ಪ್ರಕರಣಗಳನ್ನಿಟ್ಟ. ಇಂಗ್ಲಿಷಿಗೆ ಇಷ್ಟು ಬಾಲಗಳಿಲ್ಲ. ಅಲ್ಲಿ ಪದಗಳನ್ನು ಎಂಟು ಗುಂಪು ಮಾಡುವ ರೂಢಿ ಗ್ರೀಕ್, ಲ್ಯಾಟಿನ್ ವ್ಯಾಕರಣಗಳಿಂದ ಬಂದದ್ದು. ಆದ್ದರಿಂದ ಬೆಳಗಿನ ಇಂಗ್ಲಿಷ್ ಪಾಠದಲ್ಲಿ ‘ಅವನು’, ‘ದೊಡ್ಡದು’ ಎಂಬುವು ನಾಮಪದಗಳಲ್ಲವೆಂದು ಕಲಿತ ಮಗುವಿಗೆ ಮಧ್ಯಾಹ್ನದ ಕನ್ನಡ ಪಾಠ ಸರ್ವನಾಮ, ಗುಣವಾಚಕಗಳೆರಡೂ ನಾಮಪದದ ಮನೆಯವೇ ಎನ್ನುತ್ತದೆ. ಎರಡೂ ಸರಿಯೆ, ಆದರೆ ಎರಡೂ ಏಕೆ ಸರಿಯೆಂದು ಮಗುವಿಗೆ ಹೇಳುವವರು ಯಾರೂ ಇಲ್ಲ.

ಬಾಲದ ಆಟ ರುಚಿಸಿತೆಂದು ಕಂಡಾಗ ತಾತ ಇನ್ನೊಂದು ಹೂಡಿದರು. “ಗಮಟ ಅಂತ ಒಂದಿದೆ. ಅದಕ್ಕೆ ನೀರು ಕೊಡಬೇಕು. ಹೇಗೆ ಹೇಳ್ತೀಯೆ?”

ಗಮಟವೆಂಬುದು ಯಾವ ನಿಘಂಟಿನಲ್ಲಿಯೂ ಇಲ್ಲ, ಆಗತಾನೆ ಅವರ ಬಾಯಿಗೆ ಬಂದದ್ದು. ಹುಡುಗಿ ಉತ್ತರ ಹೇಳುವ ಮೊದಲು ಒಂದು ಪ್ರಶ್ನೆ ಹಾಕಿದಳು: “ಗಮಟ ಅಂದ್ರೆ ಗಿಡವಾ, ಮನುಷ್ಯನಾ?”

“ಏಕೆ?”

“ಗಿಡವಾದ್ರೆ ಗಮಟಕ್ಕೆ ನೀರು ಕೊಡು ಅಂತೀನಿ. ಮನುಷ್ಯನಾದ್ರೆ ಗಮಟನಿಗೆ.”

“ಬಹಳ ಇದ್ದರೆ?”

“ಗಿಡ ಗಮಟಗಳು. ಮನುಷ್ಯರು ಗಮಟರು.”

ಒಳಗೆ ಪಾತ್ರೆ ತೊಳೆಯುತ್ತಿದ್ದ ತಾಯಿಯ ಕೈ ನಿಂತಿತು. ಅಮೆರಿಕದಲ್ಲಿ ಜೀನ್ ಬರ್ಕೋ ಎಂಬಾಕೆ 1958ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಹೆಸರಾಗಿದೆ. ಇಲ್ಲದ ಹಕ್ಕಿಯೊಂದರ ಚಿತ್ರಕ್ಕೆ ‘ವಗ್’ ಎಂದು ಹೆಸರಿಟ್ಟು, ಅಂಥವು ಎರಡಾದರೆ ಏನೆನ್ನುವಿರಿ ಎಂದು ಆಕೆ ಎಳೆಯ ಮಕ್ಕಳನ್ನು ಕೇಳಿದಳು. ಎಂದೂ ಕೇಳದ ಮಾತಿಗೂ ಅವರು ಬಹುವಚನವನ್ನು ಸರಿಯಾಗಿ ಹಚ್ಚಿದರು. ಕನ್ನಡದ ಮಗುವಿನ ಕೆಲಸ ಅದಕ್ಕಿಂತ ಒಂದು ಕೈ ಮಿಗಿಲು. ಬಾಲ ಹಚ್ಚುವ ಮೊದಲು ಆ ವಸ್ತು ಮನುಷ್ಯವರ್ಗಕ್ಕೆ ಸೇರಿದ್ದೋ ಅಲ್ಲವೋ ಎಂದು ಅದು ವಿಚಾರಿಸಬೇಕು. ಒಂಬತ್ತು ಅಂಕದ ಹುಡುಗಿ ಅದನ್ನು ವಿಚಾರಿಸಿಯೇ ಹೇಳಿದ್ದಳು. ಲಿಂಗವಿವಕ್ಷೆಯೆಂಬ ಹೆಸರು ಅವಳಿಗೆ ಗೊತ್ತಿರಲಿಲ್ಲ, ಅಷ್ಟೆ.

ಅಷ್ಟರಲ್ಲಿ ನಾಲ್ಕು ವರ್ಷದ ತಮ್ಮ ಅಳುತ್ತ ಬಂದು, “ಅಕ್ಕ ನಂಗೆ ಒಡೆದ ಚೆಂಡು ಕೊಡಿದಳು” ಎಂದು ದೂರಿದ. ಅಕ್ಕ, “ಕೊಟ್ಟಳು ಅನ್ನಬೇಕು ಕಣೋ” ಎಂದು ತಿದ್ದಿದಳು. ತಾತ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಆಡಿದಳು, ನೋಡಿದಳು ಎಂಬುವನ್ನು ಕೇಳಿ ಕೇಳಿ ನಿಯಮವನ್ನು ತಾನೇ ಕಟ್ಟಿಕೊಂಡ ಮಗು ಮಾತ್ರ ಹೀಗೆ ತಪ್ಪಬಲ್ಲದು. ‘ಕೊಡಿದಳು’ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಶಾಲೆಗೆ ಹೋಗಿ ಆ ಮಿಸ್ಸಿಗೆ ಒಂದು ಮಾತು ಹೇಳಿ ಬರ್ತೀರಾ, ಮಾವ?” ಎಂದು ಸೊಸೆ ಕೇಳಿದಳು. ತಾತ ಒಪ್ಪಲಿಲ್ಲ. ತುಂಬಿದ ತರಗತಿಯಲ್ಲಿ ಪಾಠ ಮುಗಿಸುವ ಅವಸರ ಏನೆಂಬುದು ಅವರಿಗೆ ತಿಳಿಯದ್ದಲ್ಲ. ಪರೀಕ್ಷೆಯಲ್ಲಿ ಪುಸ್ತಕದ ಲಕ್ಷಣವನ್ನೇ ಬರೆಯಲಿ, ಪದ ಆರಿಸುವಾಗ ಬಾಲ ಹಚ್ಚಿ ನೋಡಲಿ ಎಂದರು. ಇದು ರಾಜಿಯೇ; ಆದರೆ ಮಗು ಮುಂದಿನ ತರಗತಿಗೆ ಹೋಗಬೇಕಲ್ಲ.

ಮಲಗುವ ಹೊತ್ತಿಗೆ ಬೆಂಚಿನ ಮೇಲೆ ನಿಂತ ಹುಡುಗನ ಕಥೆಯನ್ನು ಅವರು ಮೊಮ್ಮಗಳಿಗೆ ಹೇಳಿದರು. ಅವಳು ಕೇಳಿದ್ದು ಒಂದೇ: “ಅವನ ಹೆಸರೇನು ತಾತ?”

ಕಿಟಕಿಯ ಪಕ್ಕದ ಎರಡನೆಯ ಬೆಂಚು ನೆನಪಿತ್ತು, ಅವನ ಅಂಗಿಯ ತೇಪೆಯೂ ನೆನಪಿತ್ತು. ಹೆಸರು ಬರಲಿಲ್ಲ. ಮರುದಿನ ಕಾಫಿಗೆ ಕರೆಯಲು ಸೊಸೆ ಬಂದಾಗ ತಾತ ಹಳೆಯ ಟ್ರಂಕು ತೆರೆದು ಶಾಲೆಯ ಗುಂಪುಚಿತ್ರಗಳನ್ನು ನೆಲದ ಮೇಲೆ ಹರಡಿಕೊಂಡಿದ್ದರು. ಒಂದೊಂದನ್ನೇ ತಿರುಗಿಸಿ, ಹಿಂಬದಿಯಲ್ಲಿ ಬರೆದಿದ್ದ ಹೆಸರುಗಳನ್ನು ಬೆರಳಿಟ್ಟು ಓದುತ್ತಿದ್ದರು.